ತಾಯಂದಿರ ವೈದ್ಯ ಡಾ. ಲಕ್ಷ್ಮಣಸ್ವಾಮಿ ಮುದಲಿಯಾರ್

ಅಲಂಪುರದ ನವಬ್ರಹ್ಮ ದೇವಾಲಯಗಳ ಬದಿಯಲ್ಲಿ ಹರಿಯುವ ತುಂಗಭದ್ರೆ ನಮ್ಮೆಲ್ಲರಿಗೂ ಚಿರಪರಿಚಿತಳು. ಆ ಗುಡಿಗಳನ್ನು ಕಟ್ಟಿಸಿದ ಬಾದಾಮಿ ಚಾಲುಕ್ಯರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಇದೇ ನದಿಯ ಆಚೆ ದಡದಲ್ಲಿ, ನಮ್ಮೂರಿಗೆ ಕೆಲವೇ ಹರಿದಾರಿ ದೂರದಲ್ಲಿ, ಕರ್ನೂಲು ಪಟ್ಟಣವಿದೆ. ಸಂತೆ, ಕೋರ್ಟು, ಆಸ್ಪತ್ರೆ ಎಂದು ನಮ್ಮ ಹಿರಿಯರು ಹೊಳೆ ದಾಟಿ ಹೋಗುತ್ತಿದ್ದ ಊರು ಅದು. ಆ ಊರಿನಲ್ಲಿ ಹುಟ್ಟಿ, ಭಾರತದ ಲಕ್ಷಾಂತರ ತಾಯಂದಿರ ಪ್ರಾಣ ಉಳಿಸುವ ಕೆಲಸಕ್ಕೆ ತಳಹದಿ ಹಾಕಿದ ಮಹನೀಯರೊಬ್ಬರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಅವರೇ ಡಾ. ಆರ್ಕಾಟ್ ಲಕ್ಷ್ಮಣಸ್ವಾಮಿ ಮುದಲಿಯಾರ್.

ಇವರು ಒಳ್ಳೆಯ ವೈದ್ಯರಾಗಿದ್ದರು. ಒಳ್ಳೆಯ ವೈದ್ಯರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆದರೆ ಒಬ್ಬ ವೈದ್ಯನ ಕೈಗುಣ ಅವನೊಂದಿಗೇ ಮುಗಿದುಹೋಗಬಾರದು. ಅದು ಪುಸ್ತಕವಾಗಬೇಕು, ಪಾಠವಾಗಬೇಕು, ಇಡೀ ವೃತ್ತಿಯ ನಿಯಮವಾಗಬೇಕು. ಈ ತಿಳಿವಳಿಕೆಯಿಂದ ದುಡಿದದ್ದೇ ಮುದಲಿಯಾರರ ಹಿರಿಮೆ. ಅವರ ಜೀವನವನ್ನು ನಾವು ಈ ದೃಷ್ಟಿಯಿಂದ ನೋಡೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

1887ನೆಯ ಇಸವಿ ಅಕ್ಟೋಬರ್ 14ರಂದು ಕರ್ನೂಲಿನ ತಮಿಳು ಕುಟುಂಬವೊಂದರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಒಬ್ಬನಿಗೆ ರಾಮಸ್ವಾಮಿ ಎಂದೂ ಮತ್ತೊಬ್ಬನಿಗೆ ಲಕ್ಷ್ಮಣಸ್ವಾಮಿ ಎಂದೂ ಹೆಸರಿಟ್ಟರು. ರಾಮಲಕ್ಷ್ಮಣರಂತೆ ಬೆಳೆದ ಈ ಅಣ್ಣತಮ್ಮಂದಿರ ರೂಪ ಒಂದೇ, ಉಡುಗೆ ತೊಡುಗೆ ಒಂದೇ. ದೊಡ್ಡವರಾದ ಮೇಲೂ ಇಬ್ಬರೂ ತಲೆಗೆ ಪೇಟ ಸುತ್ತಿ, ಹಣೆಗೆ ನಾಮ ಇಟ್ಟು ನಿಂತರೆ ಯಾರು ಅಣ್ಣ, ಯಾರು ತಮ್ಮ ಎಂದು ಗುರುತಿಸುವುದು ಕಷ್ಟವಾಗಿತ್ತು.

ಆಗ ತುಂಗಭದ್ರೆಯ ಈಚೆ ದಡದ ನಮ್ಮ ಸೀಮೆ ನಿಜಾಮರ ಆಡಳಿತಕ್ಕೆ ಸೇರಿತ್ತು. ಅಲಂಪುರ, ಗದ್ವಾಲ ತಾಲ್ಲೂಕುಗಳು 1956ರವರೆಗೂ ರಾಯಚೂರು ಜಿಲ್ಲೆಯಲ್ಲಿದ್ದವು ಎಂಬುದು ಹಿರಿಯರಿಗೆ ನೆನಪಿರಬಹುದು. ಆಚೆ ದಡದ ಕರ್ನೂಲು ಬ್ರಿಟಿಷರ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅವಳಿ ಮಕ್ಕಳು ಕರ್ನೂಲಿನ ಮುನಿಸಿಪಲ್ ಹೈಸ್ಕೂಲಿನಲ್ಲಿ ಓದಿದರು. ಅದು ಇಂದಿನ ನಮ್ಮ ಶಾಲೆಗಳಂತೆಯೇ ಒಂದು ಸಾಧಾರಣ ಊರಿನ ಶಾಲೆ. ಅಲ್ಲಿಂದ ಹೆಚ್ಚಿನ ವ್ಯಾಸಂಗಕ್ಕಾಗಿ ಮದರಾಸಿಗೆ ಹೋಗಿ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು.

ಮುಂದೆ ಇಬ್ಬರ ದಾರಿಗಳು ಬೇರೆಯಾದವು. ರಾಮಸ್ವಾಮಿಯವರು ಕಾನೂನು ಓದಿ ರಾಜಕಾರಣಕ್ಕೆ ಹೋದರು. 1946ರಿಂದ 1949ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಅವರೇ. ಲಕ್ಷ್ಮಣಸ್ವಾಮಿಯವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ವೈದ್ಯರಾದ ಮೇಲೆ ಅವರು ತಮ್ಮ ಬದುಕಿಗೆ ಆರಿಸಿಕೊಂಡದ್ದು ಪ್ರಸೂತಿ ಶಾಸ್ತ್ರ, ಅಂದರೆ ಬಸುರಿ ಬಾಣಂತಿಯರ ವೈದ್ಯವನ್ನು.

ಅಂದಿನ ತಾಯಂದಿರ ಸ್ಥಿತಿ

ಹೆರಿಗೆಯನ್ನು ನಮ್ಮ ಹಿರಿಯರು ಹೆಣ್ಣಿಗೆ ಮರುಹುಟ್ಟು ಎಂದು ಕರೆದರು. ಆ ಮಾತು ಉತ್ಪ್ರೇಕ್ಷೆಯಲ್ಲ. 1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯ ಪ್ರಕಾರ ನಮ್ಮ ದೇಶದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1000 ಮಕ್ಕಳಿಗೆ ಸುಮಾರು 20 ಮಂದಿ ತಾಯಂದಿರು ಸಾಯುತ್ತಿದ್ದರು. ವರ್ಷಕ್ಕೆ ಸುಮಾರು 2 ಲಕ್ಷ ಹೆಣ್ಣುಮಕ್ಕಳು ಬಸುರಿನಲ್ಲಿ ಅಥವಾ ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದರೆಂದು ಆ ಸಮಿತಿ ಅಂದಾಜು ಮಾಡಿತು. ಒಬ್ಬ ಹೆಣ್ಣು ಐದಾರು ಬಾರಿ ಬಸುರಿಯಾಗುತ್ತಿದ್ದ ಕಾಲ ಅದು. ಆದ್ದರಿಂದ ಪ್ರತಿ ಊರಿನಲ್ಲಿಯೂ ತಾಯಿಲ್ಲದ ತಬ್ಬಲಿಗಳಿದ್ದರು.

ಸಾವಿಗೆ ಕಾರಣಗಳೂ ಹಲವು. ಹೆರಿಗೆ ಮಾಡಿಸಿದ ಕೈಯಿಂದಲೋ ಬಟ್ಟೆಯಿಂದಲೋ ಗರ್ಭಕೋಶಕ್ಕೆ ಸೋಂಕು ತಗುಲಿ ಬಾಣಂತಿಗೆ ನಂಜಿನ ಜ್ವರ ಬರುತ್ತಿತ್ತು. ಮಾಸು ಪೂರ್ತಿ ಬೀಳದೆ ರಕ್ತ ಹರಿದು ಹೋಗುತ್ತಿತ್ತು. ಕೆಲವರಿಗೆ ಬಸುರಿನಲ್ಲಿಯೇ ಕೈಕಾಲು ಬಾತು, ರಕ್ತದ ಒತ್ತಡ ಏರಿ, ಫಿಟ್ಸ್ ಬರುತ್ತಿತ್ತು. ಇದನ್ನು ದೆವ್ವದ ಕಾಟವೆಂದು ತಿಳಿದು ಮಂತ್ರವಾದಿಯನ್ನು ಕರೆಸುತ್ತಿದ್ದುದೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ರಕ್ತಹೀನತೆಯಿಂದ ಬಳಲಿದ ದೇಹಕ್ಕೆ ಹೆರಿಗೆಯ ಪೆಟ್ಟನ್ನು ತಡೆಯುವ ಶಕ್ತಿಯೇ ಇರುತ್ತಿರಲಿಲ್ಲ. ಅನುಭವವಿದ್ದ ಸೂಲಗಿತ್ತಿಯರು ಅನೇಕ ಹೆರಿಗೆಗಳನ್ನು ಚೆನ್ನಾಗಿಯೇ ಮಾಡಿಸುತ್ತಿದ್ದರು. ಆದರೆ ಕಷ್ಟದ ಹೆರಿಗೆ ಬಂದಾಗ ಅವರ ಕೈಯಲ್ಲಿ ಉಪಾಯವಿರಲಿಲ್ಲ, ಕಳುಹಿಸಿಕೊಡಲು ಹತ್ತಿರದಲ್ಲಿ ಆಸ್ಪತ್ರೆಯೂ ಇರಲಿಲ್ಲ.

ಎಗ್ಮೋರ್ ಆಸ್ಪತ್ರೆ

ಮದರಾಸಿನಲ್ಲಿ 1844ರಲ್ಲಿಯೇ ಹೆರಿಗೆ ಆಸ್ಪತ್ರೆಯೊಂದು ಆರಂಭವಾಗಿತ್ತು. ಅದೇ ಮುಂದೆ ಎಗ್ಮೋರ್‌ನ ಸರಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಾಗಿ ಬೆಳೆಯಿತು. ಡಾ. ಮುದಲಿಯಾರರು ಈ ಆಸ್ಪತ್ರೆಯಲ್ಲಿ ಬಹುಕಾಲ ದುಡಿದು ಅದರ ಸೂಪರಿಂಟೆಂಡೆಂಟರೂ ಆದರು. ವೈದ್ಯಕೀಯ ಕಾಲೇಜಿನಲ್ಲಿ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾದರು. 1939ರಲ್ಲಿ ಆ ಕಾಲೇಜಿನ ಪ್ರಿನ್ಸಿಪಾಲರಾದರು. ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದ್ದ ಆ ಕಾಲೇಜಿಗೆ ಪ್ರಿನ್ಸಿಪಾಲರಾದ ಮೊದಲ ಭಾರತೀಯರು ಅವರೇ.

ಎಗ್ಮೋರ್‌ನ ವಾರ್ಡುಗಳು ಅವರಿಗೆ ದೊಡ್ಡ ಪಾಠಶಾಲೆಯಾದವು. ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದದ್ದು ಇಂಗ್ಲೆಂಡಿನ ತಾಯಂದಿರ ವಿಷಯ. ಬಾಲ್ಯದಿಂದಲೂ ಅರೆಹೊಟ್ಟೆ ಉಂಡ, ಮಲೇರಿಯಾ ಮತ್ತು ಕೊಕ್ಕೆಹುಳುವಿನಿಂದ ರಕ್ತ ಕಳೆದುಕೊಂಡ, ಮೂರು ದಿನ ಮನೆಯಲ್ಲಿಯೇ ನೋವು ತಿಂದು ಕೊನೆಗೆ ಆಸ್ಪತ್ರೆಗೆ ಬಂದ ನಮ್ಮ ಹೆಣ್ಣುಮಗಳ ವಿಷಯ ಅಲ್ಲಿ ಸಿಗುವುದು ಕಡಿಮೆ. ಈ ಕೊರತೆಯನ್ನು ತುಂಬಲು ಮುದಲಿಯಾರರು ತಮ್ಮ ಅನುಭವವನ್ನೆಲ್ಲ ಸೇರಿಸಿ ಪ್ರಸೂತಿ ಶಾಸ್ತ್ರದ ಪಠ್ಯಪುಸ್ತಕವನ್ನು ಬರೆದರು. 1938ರಲ್ಲಿ ಅದರ ಮೊದಲ ಮುದ್ರಣ ಹೊರಬಂದಿತು. ಮುಂದೆ ಡಾ. ಕೃಷ್ಣ ಮೆನನ್ ಅವರ ಹೆಸರೂ ಅದರೊಂದಿಗೆ ಸೇರಿತು. ಹೊಸ ಸಂಗತಿಗಳೊಂದಿಗೆ ಪರಿಷ್ಕರಣಗೊಳ್ಳುತ್ತ ಆ ಪುಸ್ತಕ ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳ ಕೈಯಲ್ಲಿದೆ. ಎಗ್ಮೋರ್‌ನ ಒಂದು ಹಾಸಿಗೆಯ ಬಳಿ ಕಲಿತದ್ದು ದೇಶದ ಯಾವುದೋ ಮೂಲೆಯ ಯುವ ವೈದ್ಯನಿಗೆ ಹೀಗೆ ದಾರಿದೀಪವಾಯಿತು.

ಒಂದು ಅಪಮಾನ, ಒಂದು ಪಾಠ

ಈ ನಡುವೆ ಭಾರತದ ವೈದ್ಯರನ್ನೆಲ್ಲ ಕದಡಿದ ಪ್ರಸಂಗವೊಂದು ನಡೆಯಿತು. ಭಾರತದ ವಿಶ್ವವಿದ್ಯಾನಿಲಯಗಳ ವೈದ್ಯ ಪದವಿಗಳಿಗೆ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಮನ್ನಣೆ ಕೊಡುತ್ತಿತ್ತು. 1920ರ ನಂತರ ಆ ಕೌನ್ಸಿಲ್ ಒಂದು ಆಕ್ಷೇಪ ಎತ್ತಿತು. ಭಾರತದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಹೆರಿಗೆ ಮಾಡಿಸುವ ಪ್ರತ್ಯಕ್ಷ ತರಬೇತಿ ಸಾಲದು ಎಂಬುದೇ ಆ ಆಕ್ಷೇಪ. ಅಲ್ಲಿಂದ ಪರಿವೀಕ್ಷಕರು ಬಂದು ನಮ್ಮ ಕಾಲೇಜುಗಳನ್ನು ನೋಡಿ ಹೋದರು. ಮುಂದಿನ ತನಿಖೆಯ ವ್ಯವಸ್ಥೆಯ ಬಗ್ಗೆ ಒಮ್ಮತ ಮೂಡದೆ, 1930ರಲ್ಲಿ ಕೌನ್ಸಿಲ್ ಭಾರತದ ಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನೇ ಹಿಂತೆಗೆದುಕೊಂಡಿತು.

ಇದು ದೇಶಕ್ಕೆ ಅಪಮಾನವೆಂದು ಭಾರತೀಯ ವೈದ್ಯರು ಸಿಡಿದೆದ್ದರು. ಆಗಷ್ಟೇ, 1928ರಲ್ಲಿ, ಕಲ್ಕತ್ತೆಯಲ್ಲಿ ಭಾರತೀಯ ವೈದ್ಯಕೀಯ ಸಂಘ ಹುಟ್ಟಿತ್ತು. ನಮ್ಮ ವೈದ್ಯವಿದ್ಯೆಯ ಮಟ್ಟವನ್ನು ನಾವೇ ನಿರ್ಧರಿಸಬೇಕು ಎಂಬ ಕೂಗು ಬಲವಾಯಿತು. 1933ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆ ಬಂದಿತು. ಮರುವರ್ಷ ಪರಿಷತ್ತು ಸ್ಥಾಪನೆಯಾಯಿತು. ಎಂಟು ದಶಕಗಳಿಗೂ ಹೆಚ್ಚು ಕಾಲ ನಡೆದ ಆ ಪರಿಷತ್ತಿನ ಸ್ಥಾನಕ್ಕೆ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ.

ಅಪಮಾನಕ್ಕೆ ಸಿಟ್ಟು ಬಂದದ್ದು ಸಹಜ, ನ್ಯಾಯ. ಪರದೇಶದವರ ಅಂಕೆಯಲ್ಲಿ ನಮ್ಮ ವಿದ್ಯೆ ಇರಬಾರದು ಎಂಬುದೂ ಸರಿ. ಆದರೆ ಆಕ್ಷೇಪದೊಳಗೆ ಒಂದು ಸತ್ಯಾಂಶವೂ ಇತ್ತು. ಹೆರಿಗೆ ಆಸ್ಪತ್ರೆಗಳು ಕಡಿಮೆ; ಇದ್ದ ಆಸ್ಪತ್ರೆಗಳಿಗೂ ಬರಲು ಹೆಂಗಸರು ಹಿಂಜರಿಯುತ್ತಿದ್ದರು. ಆದ್ದರಿಂದ ವಿದ್ಯಾರ್ಥಿಗೆ ನೋಡಲು, ಮಾಡಲು ಹೆರಿಗೆಗಳೇ ಸಿಗುತ್ತಿರಲಿಲ್ಲ. ಈಜಿನ ಪುಸ್ತಕ ಓದಿದವನನ್ನು ತುಂಬಿದ ಹೊಳೆಗೆ ಇಳಿಸಿದಂತೆ, ಹೆರಿಗೆಯನ್ನೇ ಸರಿಯಾಗಿ ಕಾಣದ ವೈದ್ಯನನ್ನು ಹಳ್ಳಿಗೆ ಕಳುಹಿಸಿದರೆ ಬಾಣಂತಿಯ ಗತಿಯೇನು? ಹೊರಗಿನವರ ಅಧಿಕಾರವನ್ನು ನಿರಾಕರಿಸಿದರೆ ಸಾಲದು, ಅವರು ತೋರಿಸಿದ ಕೊರತೆಯನ್ನು ನಾವೇ ನೀಗಿಕೊಳ್ಳಬೇಕಾಗಿತ್ತು. ಮುದಲಿಯಾರರಂಥ ಅಧ್ಯಾಪಕರ ಮುಂದಿದ್ದ ಸವಾಲು ಇದೇ.

ಸಾವಿನ ಲೆಕ್ಕ

ತಾಯಿ ಸತ್ತರೆ ಮನೆಯವರು ಹಣೆಬರಹವೆಂದು ಅಳುತ್ತಾರೆ. ವೈದ್ಯನೂ ಹಣೆಬರಹವೆಂದರೆ ಮುಂದಿನ ತಾಯಿಯೂ ಸಾಯುತ್ತಾಳೆ. ಡಾ. ಮುದಲಿಯಾರರು ಮದರಾಸು ನಗರದಲ್ಲಿ ತಾಯಂದಿರ ಸಾವಿನ ಕಾರಣಗಳನ್ನು ಕುರಿತು ವಿಚಾರಣೆ ನಡೆಸಿದರು. ಅದರ ವರದಿ 1933ರಲ್ಲಿ ಪ್ರಕಟವಾಯಿತು.

ಇಂಥ ವಿಚಾರಣೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಮೊದಲು ಸತ್ತ ಪ್ರತಿಯೊಬ್ಬ ತಾಯಿಯ ಸಂಗತಿಯನ್ನೂ ಕಲೆಹಾಕಬೇಕು. ಅವಳ ವಯಸ್ಸೆಷ್ಟು? ಎಷ್ಟನೆಯ ಬಸುರು? ಬಸುರಿನಲ್ಲಿ ಯಾರಾದರೂ ವೈದ್ಯರು ಅವಳನ್ನು ನೋಡಿದ್ದರೇ? ನೋವು ಶುರುವಾದದ್ದು ಯಾವಾಗ? ಹೆರಿಗೆ ಮಾಡಿಸಿದವರು ಯಾರು? ಆಸ್ಪತ್ರೆಗೆ ತಂದದ್ದು ಎಷ್ಟು ಹೊತ್ತಿನ ಮೇಲೆ? ತಂದ ಮೇಲೆ ಏನು ಮಾಡಿದರು? ಕೊನೆಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಈ ಸಾವನ್ನು ತಪ್ಪಿಸಬಹುದಾಗಿತ್ತೇ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಲು ವೈದ್ಯನಿಗೆ ಧೈರ್ಯ ಬೇಕು. ಏಕೆಂದರೆ ಕೆಲವು ಸಲ ತಪ್ಪು ತಡಮಾಡಿದ ಮನೆಯವರದಾಗಿದ್ದರೆ, ಕೆಲವು ಸಲ ಆಸ್ಪತ್ರೆಯದೇ ಆಗಿರುತ್ತದೆ.

ಒಬ್ಬ ವೈದ್ಯನೇ ತನ್ನಷ್ಟಕ್ಕೆ ತಾನು ಈ ಲೆಕ್ಕ ಹಾಕಿಕೊಂಡರೆ ಪ್ರಯೋಜನ ಕಡಿಮೆ. ಇದಕ್ಕೆ ಚರಿತ್ರೆಯಲ್ಲಿ ದೊಡ್ಡ ಸಾಕ್ಷಿಯಿದೆ. 1847ರಲ್ಲಿ ಯೂರೋಪಿನ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಕಂಡರು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿಗಿಂತ ವೈದ್ಯರು, ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಾರ್ಡಿನಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ವೈದ್ಯರು ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಯಲ್ಲಿಯೇ ಬಂದು ಹೆರಿಗೆ ಮಾಡಿಸುತ್ತಿದ್ದುದು ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದೊಡನೆ ಸಾವುಗಳು ಬಹಳವಾಗಿ ಇಳಿದವು. ಆದರೆ ಅವರ ಮಾತನ್ನು ಆ ಕಾಲದ ಹಿರಿಯ ವೈದ್ಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. 1865ರಲ್ಲಿ ಅವರು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಸತ್ಯ ಒಬ್ಬನ ಕೈಯಲ್ಲಿತ್ತು. ವೃತ್ತಿ ಅದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲ. ಆ ತಡಕ್ಕೆ ಬೆಲೆ ತೆತ್ತವರು ಬಾಣಂತಿಯರು.

ವೈದ್ಯರು ಒಟ್ಟುಗೂಡಿದರು

ಆದ್ದರಿಂದಲೇ ವೃತ್ತಿ ಸಂಘಗಳು ಬೇಕು. ಲಂಡನ್ನಿನಲ್ಲಿ ಪ್ರಸೂತಿ ತಜ್ಞರು 1929ರಲ್ಲಿ ತಮ್ಮದೇ ಒಂದು ಕಾಲೇಜನ್ನು ಸ್ಥಾಪಿಸಿಕೊಂಡರು. ಅದು ಪಾಠ ಹೇಳುವ ಕಟ್ಟಡವಲ್ಲ; ತಜ್ಞನೆನಿಸಿಕೊಳ್ಳಲು ಎಷ್ಟು ವರ್ಷ ತರಬೇತಿ ಬೇಕು, ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬುದನ್ನು ಗೊತ್ತುಮಾಡುವ ಸಂಸ್ಥೆ. ಮುದಲಿಯಾರರು ಆ ಸಂಸ್ಥೆಯ ಫೆಲೋ ಎಂಬ ಗೌರವಕ್ಕೆ ಪಾತ್ರರಾಗಿದ್ದರು.

ನಮ್ಮ ದೇಶದಲ್ಲಿಯೂ ಈ ವಿಷಯದ ವೈದ್ಯರು ಒಟ್ಟುಗೂಡತೊಡಗಿದರು. ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಮೊದಲನೆಯ ಅಖಿಲ ಭಾರತ ಸಮ್ಮೇಳನ 1936ರಲ್ಲಿ ನಡೆದದ್ದು ಮುದಲಿಯಾರರ ಕಾರ್ಯಕ್ಷೇತ್ರವಾದ ಮದರಾಸಿನಲ್ಲಿಯೇ. 1950ರ ಜನವರಿಯಲ್ಲಿ ಆರನೆಯ ಸಮ್ಮೇಳನವೂ ಅಲ್ಲಿಯೇ ಸೇರಿತು. ದೇಶ ಗಣರಾಜ್ಯವಾಗಲು ಇನ್ನೂ ಕೆಲವು ದಿನಗಳಿದ್ದವು. ಅಹಮದಾಬಾದು, ಬಂಗಾಳ, ಬೊಂಬಾಯಿ, ಮದರಾಸು, ಪಂಜಾಬು ಈ ಐದು ಕಡೆಯ ಸಂಘಗಳು ಸೇರಿ ಒಂದು ಅಖಿಲ ಭಾರತ ಒಕ್ಕೂಟವನ್ನು ಕಟ್ಟಿಕೊಂಡವು. ಫಾಗ್ಸಿ ಎಂಬ ಚಿಕ್ಕ ಹೆಸರಿನಿಂದ ವೈದ್ಯರೆಲ್ಲರಿಗೂ ಪರಿಚಿತವಾದ ಸಂಸ್ಥೆ ಇದೇ. ಅದೇ ವರ್ಷ ಅದರ ಪತ್ರಿಕೆಯೂ ಆರಂಭವಾಯಿತು. ಐದು ಸಂಘಗಳಿಂದ ಹುಟ್ಟಿದ ಒಕ್ಕೂಟದಲ್ಲಿ ಇಂದು 200ಕ್ಕೂ ಹೆಚ್ಚು ಸಂಘಗಳಿವೆ. ತಜ್ಞರ ಮುಂದುವರಿದ ಶಿಕ್ಷಣಕ್ಕಾಗಿ 1984ರಲ್ಲಿ ಅದು ತನ್ನದೇ ಒಂದು ಶೈಕ್ಷಣಿಕ ಅಂಗವನ್ನೂ ಸ್ಥಾಪಿಸಿತು.

ಸಂಘ ಕಟ್ಟಿಕೊಂಡರೆ ರೋಗಿಗೇನು ಲಾಭ ಎಂದು ಪೋಷಕರು ಕೇಳಬಹುದು. ರೈತರ ಉದಾಹರಣೆಯಿಂದ ಇದನ್ನು ಹೇಳಬಹುದು. ಒಬ್ಬ ರೈತನ ಶೇಂಗಾ ಬೆಳೆಗೆ ಹೊಸ ರೋಗ ಬಿದ್ದರೆ ಅವನು ತನ್ನ ಹೊಲದಲ್ಲಿಯೇ ಕುಳಿತು ಚಿಂತಿಸುತ್ತಾನೆ. ಹತ್ತು ಊರಿನ ರೈತರು ಕಟ್ಟೆಯ ಮೇಲೆ ಸೇರಿದರೆ ಯಾರ ಹೊಲದಲ್ಲಿ ಯಾವ ಔಷಧಿ ಫಲಿಸಿತು, ಯಾವುದು ಹಾಳುಮಾಡಿತು ಎಂಬುದು ಒಂದು ಸಂಜೆಯಲ್ಲಿಯೇ ತಿಳಿಯುತ್ತದೆ. ವೈದ್ಯರ ಸಂಘವೂ ಹಾಗೆಯೇ. ಕಷ್ಟದ ಪ್ರಸಂಗಗಳನ್ನು ಸಭೆಯ ಮುಂದಿಟ್ಟು ಚರ್ಚಿಸುತ್ತಾರೆ. ಗೆದ್ದದ್ದನ್ನೂ ಸೋತದ್ದನ್ನೂ ಪತ್ರಿಕೆಯಲ್ಲಿ ಬರೆಯುತ್ತಾರೆ. ಎಲ್ಲ ಆಸ್ಪತ್ರೆಗಳೂ ಒಂದೇ ಕ್ರಮದಲ್ಲಿ ದಾಖಲೆ ಇಟ್ಟರೆ ಒಂದನ್ನೊಂದು ಹೋಲಿಸಿ ನೋಡಬಹುದು. ಓದು ಮುಗಿಸಿ ಇಪ್ಪತ್ತು ವರ್ಷವಾದ ವೈದ್ಯನಿಗೂ ಹೊಸ ವಿಧಾನವನ್ನು ಕಲಿಸಬಹುದು.

ಇಲ್ಲಿ ಪರಿಷತ್ತಿಗೂ ಸಂಘಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಪರಿಷತ್ತು ಕಾಯಿದೆಯಿಂದ ಹುಟ್ಟಿದ್ದು. ಕಾಲೇಜಿಗೆ ಮನ್ನಣೆ ಕೊಡುವುದು, ತಪ್ಪು ಮಾಡಿದ ವೈದ್ಯನ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಅದರ ಅಧಿಕಾರ. ಸಂಘ ವೈದ್ಯರು ತಾವಾಗಿಯೇ ಕಟ್ಟಿಕೊಂಡದ್ದು. ಅದಕ್ಕೆ ದಂಡಿಸುವ ಅಧಿಕಾರವಿಲ್ಲ, ತಿದ್ದುವ ಅವಕಾಶವಿದೆ. ಸಮಾನರ ಮುಂದೆ ತಲೆ ತಗ್ಗಿಸಬಾರದು ಎಂಬ ಅಭಿಮಾನ ಎಷ್ಟೋ ಸಲ ಕಾಯಿದೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಂಘಗಳಿಗೆ ದೋಷವೇ ಇಲ್ಲವೆಂದು ಹೇಳುವಂತಿಲ್ಲ. ಯಾವ ವೃತ್ತಿಯ ಸಂಘವೇ ಆಗಲಿ, ತನ್ನ ಸದಸ್ಯರ ಹಿತವನ್ನಷ್ಟೇ ಕಾಯುವ ಬೇಲಿಯಾಗುವ ಅಪಾಯವುಂಟು. ತಜ್ಞರು ಪಟ್ಟಣಗಳಲ್ಲಿಯೇ ನೆಲೆಸಿ ಹಳ್ಳಿಗಳು ಬರಿದಾಗಿ ಉಳಿದದ್ದನ್ನು ಯಾವ ಸಂಘವೂ ತಪ್ಪಿಸಲಾಗಲಿಲ್ಲ. ಆದರೆ ಸಂಘ ತನ್ನ ತಪ್ಪನ್ನು ತಾನೇ ಹುಡುಕಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಕೇರಳ ಒಳ್ಳೆಯ ಉದಾಹರಣೆ. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವುಗಳ ಗೋಪ್ಯ ವಿಚಾರಣೆಯನ್ನು ನಡೆಸಿಕೊಂಡು ಬಂದಿದೆ. ಇಂಗ್ಲೆಂಡಿನಲ್ಲಿ 1952ರಲ್ಲಿ ಆರಂಭವಾದ ಪದ್ಧತಿಯೇ ಇದಕ್ಕೆ ಮಾದರಿ. ತಾಯಿಯ ಹೆಸರನ್ನಾಗಲಿ, ವೈದ್ಯನ ಹೆಸರನ್ನಾಗಲಿ, ಆಸ್ಪತ್ರೆಯ ಹೆಸರನ್ನಾಗಲಿ ಅಲ್ಲಿ ಹೇಳುವುದಿಲ್ಲ. ಶಿಕ್ಷೆಯ ಹೆದರಿಕೆ ಇಲ್ಲದಿರುವುದರಿಂದ ನಡೆದದ್ದನ್ನು ಮುಚ್ಚಿಡುವ ಅಗತ್ಯವೂ ಇರುವುದಿಲ್ಲ. ಹೊರಬಂದ ಪಾಠಗಳನ್ನು ಎಲ್ಲ ಆಸ್ಪತ್ರೆಗಳಿಗೂ ತಿಳಿಸುತ್ತಾರೆ. 1933ರ ಮದರಾಸಿನ ವರದಿಯಲ್ಲಿ ಮುದಲಿಯಾರರು ಹಿಡಿದ ದಾರಿಯೂ ಇದೇ ದಿಕ್ಕಿನದು.

ದೇಶದ ಆರೋಗ್ಯದ ಯೋಜನೆ

1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ದೇಶದ ಆರೋಗ್ಯವನ್ನು ಕುರಿತ ಸಮಿತಿ ನೇಮಕವಾದಾಗ ಮುದಲಿಯಾರರು ಅದರ ಸದಸ್ಯರಾದರು. ಆಗ ವೈದ್ಯರಲ್ಲಿ ಎರಡು ದರ್ಜೆಗಳಿದ್ದವು. ಪದವಿ ಪಡೆದವರು ಒಂದು ಬಗೆ. ಕಡಿಮೆ ಅವಧಿಯ ಶಿಕ್ಷಣ ಪಡೆದ ಲೈಸೆನ್ಷಿಯೇಟರು ಇನ್ನೊಂದು ಬಗೆ. ಎಲ್ಲರಿಗೂ ಒಂದೇ ಮಟ್ಟದ ಮೂಲ ಶಿಕ್ಷಣವಿರಬೇಕು ಎಂದು ಸಮಿತಿ ಶಿಫಾರಸು ಮಾಡಿತು. ತಜ್ಞರನ್ನೂ ಅಧ್ಯಾಪಕರನ್ನೂ ತಯಾರುಮಾಡಲು ಅಖಿಲ ಭಾರತ ಮಟ್ಟದ ಸಂಸ್ಥೆಯೊಂದು ಬೇಕೆಂದೂ ಹೇಳಿತು. 1956ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಗಲು ಬೀಜ ಬಿದ್ದದ್ದು ಹೀಗೆ.

1959ರಲ್ಲಿ ಸರಕಾರ ಇನ್ನೊಂದು ಆರೋಗ್ಯ ಸಮಿತಿಯನ್ನು ನೇಮಿಸಿ ಮುದಲಿಯಾರರನ್ನೇ ಅಧ್ಯಕ್ಷರನ್ನಾಗಿ ಮಾಡಿತು. 1961ರಲ್ಲಿ ಮುಗಿದ ಆ ವರದಿ ಮುದಲಿಯಾರ್ ಸಮಿತಿಯ ವರದಿಯೆಂದೇ ಪ್ರಸಿದ್ಧ. ಹೆಸರಿಗಷ್ಟೇ ಹೊಸ ಆರೋಗ್ಯ ಕೇಂದ್ರಗಳನ್ನು ತೆರೆಯುತ್ತ ಹೋಗುವುದಕ್ಕಿಂತ ಇರುವ ಕೇಂದ್ರಗಳಿಗೆ ಮೊದಲು ಬಲ ಕೊಡಿ. ಒಂದು ಕೇಂದ್ರಕ್ಕೆ 40,000ಕ್ಕಿಂತ ಹೆಚ್ಚು ಜನರ ಹೊರೆ ಬೇಡ. ಜಿಲ್ಲಾ ಆಸ್ಪತ್ರೆಗಳಲ್ಲಿ ತಜ್ಞರ ಸೇವೆ ದೊರೆಯಲಿ ಎಂಬುದು ಅದರ ತಿರುಳು. ಹೊಸ ಕೇಂದ್ರಗಳಿಗೆ ಕಾಯುತ್ತಿದ್ದ ದೂರದ ಹಳ್ಳಿಗಳಿಗೆ ಈ ನೀತಿಯಿಂದ ಇನ್ನಷ್ಟು ತಡವಾಗುತ್ತದೆ ಎಂಬ ಟೀಕೆಯೂ ಬಂದಿತು. ಆ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ವೈದ್ಯರಿಲ್ಲದ, ಔಷಧಿಯಿಲ್ಲದ ಕಟ್ಟಡ ಆಸ್ಪತ್ರೆಯಲ್ಲ ಎಂಬ ಅವರ ವಾದವನ್ನು ನಾವು ಹಳ್ಳಿಯವರು ಚೆನ್ನಾಗಿ ಬಲ್ಲೆವು.

ಅವರ ಸೇವೆ ದೇಶದ ಗಡಿಯನ್ನೂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕಾರಿ ಮಂಡಳಿಗೆ ಅದರ ಆರಂಭದ ವರ್ಷಗಳಲ್ಲಿ ಅವರು ಅಧ್ಯಕ್ಷರಾಗಿದ್ದರು. 1961ರಲ್ಲಿ ಹೊಸದಿಲ್ಲಿಯಲ್ಲಿ ಸೇರಿದ ಹದಿನಾಲ್ಕನೆಯ ವಿಶ್ವ ಆರೋಗ್ಯ ಸಮ್ಮೇಳನಕ್ಕೂ ಅಧ್ಯಕ್ಷರಾದರು.

ಶಾಲೆಗೂ ಬಂದ ವೈದ್ಯರು

ಮುದಲಿಯಾರರು 1942ರಿಂದ 1969ರವರೆಗೆ, ಅಂದರೆ ಇಪ್ಪತ್ತೇಳು ವರ್ಷ, ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ದಕ್ಷಿಣ ಕನ್ನಡ, ಬಳ್ಳಾರಿ ಮುಂತಾದ ಕಡೆಯ ಎಷ್ಟೋ ಕನ್ನಡಿಗರು ರಾಜ್ಯಗಳ ಪುನರ್ವಿಂಗಡಣೆಗೆ ಮೊದಲು ಪದವಿ ಪಡೆದದ್ದು ಅದೇ ವಿಶ್ವವಿದ್ಯಾನಿಲಯದಿಂದ. ವೈದ್ಯಕೀಯದ ಮೂಲ ವಿಜ್ಞಾನಗಳ ಸ್ನಾತಕೋತ್ತರ ಅಧ್ಯಯನಕ್ಕೆ ಮೀಸಲಾದ ಅದರ ಸಂಸ್ಥೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಶಿಕ್ಷಕರಾದ ನಮಗೆ ಮುದಲಿಯಾರರ ಹೆಸರು ಇನ್ನೊಂದು ಕಾರಣಕ್ಕೆ ಪರಿಚಿತ. 1952ರಲ್ಲಿ ನೇಮಕವಾದ ಪ್ರೌಢಶಿಕ್ಷಣ ಆಯೋಗಕ್ಕೆ ಅವರೇ ಅಧ್ಯಕ್ಷರು. ತರಬೇತಿ ಕಾಲೇಜುಗಳಲ್ಲಿ ಮುದಲಿಯಾರ್ ಆಯೋಗದ ವಿಷಯ ಓದದೆ ಶಿಕ್ಷಕರಾದವರಿಲ್ಲ. ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಮಾತೃಭಾಷೆಯೇ ಅಥವಾ ಪ್ರಾದೇಶಿಕ ಭಾಷೆಯೇ ಬೋಧನ ಮಾಧ್ಯಮವಾಗಿರಬೇಕು ಎಂದು 1953ರ ಆ ವರದಿ ಹೇಳಿತು. ರಾಜ್ಯದ ಅಂಚಿನಲ್ಲಿದ್ದು ಕನ್ನಡದಲ್ಲಿ ಕಲಿಯುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಒಂದು ದಿನದ ಪರೀಕ್ಷೆಯಿಂದಲೇ ವಿದ್ಯಾರ್ಥಿಯನ್ನು ಅಳೆಯದೆ ವರ್ಷವಿಡೀ ಅವನು ಮಾಡಿದ ಕೆಲಸದ ದಾಖಲೆಯನ್ನೂ ಗಣಿಸಬೇಕು ಎಂದಿತು. ಶಿಕ್ಷಕರಿಗೆ ಪುನಶ್ಚೇತನ ಶಿಬಿರಗಳು, ಕಾರ್ಯಾಗಾರಗಳು, ವೃತ್ತಿ ಸಮ್ಮೇಳನಗಳು ಬೇಕು ಎಂದಿತು. ಎಗ್ಮೋರ್‌ನ ಹಾಸಿಗೆಯ ಬಳಿಯ ದಾಖಲೆ, ವೈದ್ಯರ ಸಮ್ಮೇಳನ, ಜೀವನಪರ್ಯಂತದ ಕಲಿಕೆ, ಇವೆಲ್ಲ ಇಲ್ಲಿ ಶಾಲೆಯ ಉಡುಪು ತೊಟ್ಟು ಬಂದಂತೆ ಕಾಣುವುದಿಲ್ಲವೇ?

ಸರಕಾರದ ಗೌರವಗಳು ಅವರನ್ನು ಹುಡುಕಿಕೊಂಡು ಬಂದವು. 1945ರಲ್ಲಿ ಸರ್ ಪದವಿ, 1954ರಲ್ಲಿ ಪದ್ಮಭೂಷಣ, 1963ರಲ್ಲಿ ಪದ್ಮವಿಭೂಷಣ ದೊರೆತವು. 1974ರ ಏಪ್ರಿಲ್ 15ರಂದು ಅವರು ತೀರಿಕೊಂಡರು. ಜೊತೆಗೆ ಹುಟ್ಟಿದ ರಾಮಸ್ವಾಮಿಯವರು ಎರಡು ವರ್ಷಗಳ ನಂತರ ಇಹಲೋಕವನ್ನು ಬಿಟ್ಟರು.

ನಮಗೆ ಪಾಠ

ಭೋರ್ ಸಮಿತಿಯ ಲೆಕ್ಕವನ್ನು ಇಂದಿನ ರೀತಿಯಲ್ಲಿ ಹೇಳಿದರೆ, ಅಂದು ಒಂದು ಲಕ್ಷ ಹೆರಿಗೆಗಳಿಗೆ ಸುಮಾರು 2000 ತಾಯಂದಿರು ಸಾಯುತ್ತಿದ್ದರು. 2018-20ರ ಸರಕಾರಿ ಅಂಕಿ ಅಂಶಗಳ ಪ್ರಕಾರ ಅದು ಇಡೀ ದೇಶದಲ್ಲಿ 97ಕ್ಕೆ, ಕರ್ನಾಟಕದಲ್ಲಿ 69ಕ್ಕೆ, ನಮ್ಮ ತೆಲಂಗಾಣದಲ್ಲಿ 43ಕ್ಕೆ ಇಳಿದಿತ್ತು. ಈ ಇಳಿಕೆ ಒಬ್ಬರಿಂದ ಆದದ್ದಲ್ಲ, ಬರಿಯ ವೈದ್ಯರಿಂದ ಆದದ್ದೂ ಅಲ್ಲ. ಹೊಸ ಔಷಧಿಗಳು, ರಕ್ತದಾನ, ರಸ್ತೆಗಳು, ಹೆಣ್ಣುಮಕ್ಕಳ ಓದು, ದಾದಿಯರು, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಆದರೆ ಆಸ್ಪತ್ರೆಯ ಬಾಗಿಲು ತಲುಪಿದ ತಾಯಿಗೆ ಅಲ್ಲಿ ತಿಳಿದ ಕೈಯೊಂದು ಸಿಗಬೇಕಲ್ಲವೇ? ಆ ಕೈಯನ್ನು ತಯಾರು ಮಾಡಿದವರಲ್ಲಿ ಮುದಲಿಯಾರರ ಪೀಳಿಗೆಗೆ ದೊಡ್ಡ ಪಾಲು ಸಲ್ಲಬೇಕು.

43 ಎಂದರೂ ಅದು ಸೊನ್ನೆಯಲ್ಲ. ಅದರಲ್ಲಿ ಪ್ರತಿಯೊಂದೂ ಒಂದು ಮನೆಯ ತಾಯಿ. ಬಸುರಿಯನ್ನು ಮೊದಲ ತಿಂಗಳುಗಳಲ್ಲಿಯೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು, ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಿಸುವುದು, ಹೆರಿಗೆಗೆ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡುವುದು, ರಕ್ತ ಹೋಗುತ್ತಿದ್ದರೆ ಅಥವಾ ತಲೆನೋವು, ಕಣ್ಣು ಮಂಜು, ಬಾವು ಕಂಡರೆ ಬೆಳಗಾಗಲೆಂದು ಕಾಯದೆ ಹೊರಡುವುದು, ಇವು ಮನೆಯವರು ಮಾಡಬೇಕಾದ ಕೆಲಸ. ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸಿ ಹದಿನೆಂಟು ತುಂಬುವ ಮೊದಲೇ ಮದುವೆ ಮಾಡದಿರುವುದು ಎಲ್ಲಕ್ಕಿಂತ ಮೊದಲ ಕೆಲಸ. ಪೋಷಕರಲ್ಲಿ ನಮ್ಮ ವಿನಂತಿ ಇದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾಗಬಹುದು, ದಾದಿಯರಾಗಬಹುದು, ಶಿಕ್ಷಕರೋ ರೈತರೋ ಆಗಬಹುದು. ಯಾವ ಕೆಲಸ ಹಿಡಿದರೂ ಬಲ್ಲದ್ದನ್ನು ಬಚ್ಚಿಡಬೇಡಿರಿ, ಸೋತದ್ದನ್ನು ಮುಚ್ಚಿಡಬೇಡಿರಿ. ಅದೇ ಕೆಲಸ ಮಾಡುವ ನಾಲ್ಕು ಜನರೊಂದಿಗೆ ಕುಳಿತು ಮಾತನಾಡಿರಿ, ಬರೆದಿಡಿರಿ, ಕಿರಿಯರಿಗೆ ಕಲಿಸಿರಿ. ಹೊಳೆಯ ಆಚೆ ದಡದ ಒಂದು ಮುನಿಸಿಪಲ್ ಶಾಲೆಯಿಂದ ಹೊರಟ ಹುಡುಗ, ತಾನು ಎಂದೂ ಕಾಣದ ತಾಯಂದಿರ ಮನೆಗೂ ಬೆಳಕು ಕೊಟ್ಟದ್ದು ಹೀಗೆಯೇ.